ಟನ್ನಿಗೊಂದು ದರ, ಮನೆಗೊಂದು ದರ: ನಗರವು ಕಸದ ಗುತ್ತಿಗೆದಾರನನ್ನು ಆರಿಸುವ ಬಗೆ

ಸಂವಿಧಾನಕ್ಕೆ 1992ರಲ್ಲಿ ತಂದ 74ನೆಯ ತಿದ್ದುಪಡಿಯು ನಗರಾಡಳಿತ ಸಂಸ್ಥೆಗಳಿಗೆ ವಹಿಸಿಕೊಡಬಹುದಾದ ಹದಿನೆಂಟು ಹೊಣೆಗಳನ್ನು 12ನೆಯ ಅನುಸೂಚಿಯಲ್ಲಿ ಪಟ್ಟಿ ಮಾಡಿದ್ದು, ಸಾರ್ವಜನಿಕ ಆರೋಗ್ಯ ಮತ್ತು ನೈರ್ಮಲ್ಯದ ಜೊತೆಗೆ ಘನತ್ಯಾಜ್ಯ ನಿರ್ವಹಣೆಯೂ ಅದರಲ್ಲಿ ಸೇರಿದೆ. ಈ ಹೊಣೆಯನ್ನು ನಗರ ತನ್ನ ಸ್ವಂತ ನೌಕರರಿಂದ ನಡೆಸಬೇಕೋ ಗುತ್ತಿಗೆಗೆ ಕೊಡಬೇಕೋ ಎಂಬ ವಿಚಾರದಲ್ಲಿ ಸಂವಿಧಾನ ಮೌನವಾಗಿದೆ. ಆ ಮೌನದ ಜಾಗದಲ್ಲಿಯೇ ದೇಶದ ಬಹುತೇಕ ದೊಡ್ಡ ನಗರಗಳು ಟೆಂಡರ್ ಎಂಬ ವ್ಯವಸ್ಥೆಯನ್ನು ಕಟ್ಟಿಕೊಂಡಿವೆ. ದಿನಕ್ಕೆ ಐದು ಸಾವಿರ ಟನ್ನಿಗೂ ಹೆಚ್ಚು ಕಸವನ್ನು ಹೊರಹಾಕುವ ಬೆಂಗಳೂರಿನಲ್ಲಿ ಈ ವ್ಯವಸ್ಥೆ ಎರಡು ದಶಕಗಳಿಗೂ ಮೀರಿ ನಡೆದುಬಂದಿದ್ದು, ಗುತ್ತಿಗೆ ಯಾರ ಪಾಲಾಯಿತು ಎಂಬುದರ ಬಗ್ಗೆ ಆಗಾಗ ದೊಡ್ಡ ಗದ್ದಲಗಳೂ ಎದ್ದಿವೆ. ಆದರೆ ಗದ್ದಲ ಏಳುವ ಹೊತ್ತಿಗೆ ಮುಖ್ಯ ತೀರ್ಮಾನಗಳೆಲ್ಲ ಮುಗಿದಿರುತ್ತವೆ. ಲಕೋಟೆ ತೆರೆಯುವ ಬಹಳ ಮೊದಲೇ, ಗುತ್ತಿಗೆದಾರನಿಗೆ ಯಾವುದರ ಲೆಕ್ಕದಲ್ಲಿ ಹಣ ಕೊಡಬೇಕು ಎಂದು ಟೆಂಡರ್ ದಾಖಲೆಯಲ್ಲಿ ಬರೆದ ದಿನವೇ, ನಗರ ತನಗೆ ಎಂಥ ಕಸ ವಿಲೇವಾರಿ ಬೇಕೆಂಬುದನ್ನು ಆರಿಸಿಕೊಂಡಿರುತ್ತದೆ.

ಕರ್ನಾಟಕದಲ್ಲಿ ಈ ಆಯ್ಕೆಗೆ ಆಧಾರವಾಗಿರುವುದು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ. ಕಚೇರಿಗಳಲ್ಲಿ ಎಲ್ಲರೂ ಇದನ್ನು ಕೆಟಿಪಿಪಿ ಕಾಯ್ದೆ ಎಂದೇ ಕರೆಯುತ್ತಾರೆ. ಸಾರ್ವಜನಿಕ ಹಣದಿಂದ ಸರಕು, ಸೇವೆ, ಕಾಮಗಾರಿಗಳನ್ನು ಪಡೆಯುವ ಪ್ರತಿಯೊಂದು ಪ್ರಾಧಿಕಾರವೂ ಬಹಿರಂಗವಾಗಿ ಟೆಂಡರ್ ಕರೆಯಬೇಕು, ಟೆಂಡರ್ ಕರೆಯುವ ಅಧಿಕಾರಿ ಯಾರು, ಅದನ್ನು ಅಂಗೀಕರಿಸುವ ಪ್ರಾಧಿಕಾರ ಯಾವುದು ಎಂಬುದು ಮೊದಲೇ ಗೊತ್ತಾಗಿರಬೇಕು, ಒಪ್ಪಿಕೊಂಡದ್ದಕ್ಕೂ ತಿರಸ್ಕರಿಸಿದ್ದಕ್ಕೂ ಕಾರಣ ಬರಹದಲ್ಲಿರಬೇಕು ಎಂಬುದು ಅದರ ತಿರುಳು. 2000ದಲ್ಲಿ ರೂಪಿಸಿದ ನಿಯಮಾವಳಿಯು ಎರಡು ಕೋಟಿ ರೂಪಾಯಿವರೆಗಿನ ಟೆಂಡರ್‌ಗಳಿಗೆ ಕನಿಷ್ಠ 30 ದಿನ, ಅದಕ್ಕೂ ಮೇಲಿನವುಗಳಿಗೆ ಕನಿಷ್ಠ 60 ದಿನಗಳ ಕಾಲಾವಕಾಶವನ್ನು ಮೂಲದಲ್ಲಿ ನಿಗದಿಪಡಿಸಿತ್ತು. ಕಸದ ಗುತ್ತಿಗೆಯಂಥ ದೊಡ್ಡ ಸೇವೆಗಳಿಗೆ ಸಾಮಾನ್ಯವಾಗಿ ದ್ವಿಲಕೋಟೆ ಪದ್ಧತಿಯನ್ನು ಅನುಸರಿಸಲಾಗುತ್ತದೆ: ಮೊದಲ ಲಕೋಟೆಯಲ್ಲಿ ಬಿಡ್‌ದಾರನ ಅನುಭವ, ವಾರ್ಷಿಕ ವಹಿವಾಟು, ವಾಹನಗಳು ಮತ್ತು ಮುಂಗಡ ಠೇವಣಿಯ ವಿವರ, ಎರಡನೆಯದರಲ್ಲಿ ದರ. ಮುಂಗಡ ಠೇವಣಿಯೆಂದರೆ ಬಿಡ್ ಗೆದ್ದ ಮೇಲೆ ಹಿಂದೆ ಸರಿಯದಂತೆ ಕಟ್ಟಿಸಿಕೊಳ್ಳುವ ಹಣ. ಮೊದಲ ಲಕೋಟೆಯಲ್ಲಿ ಅನರ್ಹರಾದವರ ಎರಡನೆಯ ಲಕೋಟೆಯನ್ನು ತೆರೆಯುವುದೇ ಇಲ್ಲ. ತೆರೆದವುಗಳಲ್ಲಿ ಅತಿ ಕಡಿಮೆ ದರ ನಮೂದಿಸಿದವನನ್ನು ಕಚೇರಿಯ ಭಾಷೆಯಲ್ಲಿ ಎಲ್-1 ಎನ್ನುತ್ತಾರೆ. ಇಂದು ಲಕೋಟೆಗಳಿರುವುದು ಗಣಕದ ಪರದೆಯ ಮೇಲೆ. ಆದರೂ ಹೆಸರು ಹಾಗೆಯೇ ಉಳಿದಿದೆ.

ಈ ವಿಧಾನ ಮೂಲತಃ ರಸ್ತೆ, ಸೇತುವೆ, ಕಟ್ಟಡಗಳಿಗೆ ಹೊಂದುವಂಥದ್ದು. ರಾಜ್ಯದಲ್ಲಿ ಬಳಕೆಯಲ್ಲಿರುವ ಕೆ.ಡಬ್ಲ್ಯು. ಸರಣಿಯ ಮಾದರಿ ಟೆಂಡರ್ ದಾಖಲೆಗಳು ಸಿದ್ಧವಾದದ್ದು ಕಾಮಗಾರಿಗಳಿಗಾಗಿಯೇ. ರಸ್ತೆ ಮುಗಿದ ಮೇಲೆ ಎಂಜಿನಿಯರ್ ಅದರ ಉದ್ದ, ಅಗಲ, ದಪ್ಪಗಳನ್ನು ಅಳತೆ ಪುಸ್ತಕದಲ್ಲಿ ಬರೆಯುತ್ತಾನೆ, ಅನುಮಾನ ಬಂದರೆ ಆರು ತಿಂಗಳ ಬಳಿಕವೂ ಅಗೆದು ನೋಡಬಹುದು. ಕಸ ವಿಲೇವಾರಿಯಲ್ಲಿ ಚೆನ್ನಾಗಿ ಆದ ಕೆಲಸ ಯಾವ ಗುರುತನ್ನೂ ಉಳಿಸುವುದಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಆಟೊ ಟಿಪ್ಪರ್ ಬೀದಿಗೆ ಬಂದಿತ್ತೋ ಇಲ್ಲವೋ ಎಂಬುದನ್ನು ಸಂಜೆ ಅಳೆದು ತಿಳಿಯಲಾಗದು. ಆದ್ದರಿಂದ ಕೆಲಸದ ಬದಲಿಗೆ ಕೆಲಸದ ಕುರುಹೊಂದನ್ನು, ಅಂದರೆ ತೂಕವನ್ನೋ ವಾಹನವನ್ನೋ ಮನೆಗಳ ಸಂಖ್ಯೆಯನ್ನೋ, ಅಳತೆಯಾಗಿ ಹಿಡಿಯಬೇಕಾಗುತ್ತದೆ. ತೊಡಕು ಶುರುವಾಗುವುದೂ ಅಲ್ಲಿಂದಲೇ.

ಮೊದಲನೆಯ ಕುರುಹು ತೂಕ. ಲಾರಿಯನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸಿ, ಬಂದ ಟನ್ನಿಗೆ ಇಷ್ಟು ಎಂದು ಬಿಲ್ ಮಾಡುವುದು ಲೆಕ್ಕಪತ್ರ ವಿಭಾಗಕ್ಕೆ ಅತ್ಯಂತ ಸುಲಭ. ಆದರೆ ಟನ್ನಿನ ಲೆಕ್ಕದಲ್ಲಿ ಹಣ ಪಡೆಯುವ ಗುತ್ತಿಗೆದಾರನಿಗೆ ಕಸ ಕಡಿಮೆಯಾಗುವುದೇ ನಷ್ಟ. ಮನೆಯಲ್ಲಿಯೇ ಗೊಬ್ಬರ ಮಾಡಿಕೊಳ್ಳುವ ಕುಟುಂಬ, ಹಳೆ ಪೇಪರ್‌ ಅಂಗಡಿಗೆ ಹೋಗುವ ರದ್ದಿ, ಚಿಂದಿ ಆಯುವವರು ಬೇರ್ಪಡಿಸಿ ಒಯ್ಯುವ ಪ್ಲಾಸ್ಟಿಕ್, ಇವೆಲ್ಲ ಅವನ ಬಿಲ್ಲಿನಿಂದ ಕಳೆದುಹೋಗುವ ತೂಕ. ಕಟ್ಟಡದ ಅವಶೇಷ, ಚರಂಡಿಯ ಹೂಳು, ಮಳೆಯಲ್ಲಿ ನೆನೆದ ಎಲೆ, ಇವೆಲ್ಲ ಬಿಲ್ಲಿಗೆ ಸೇರುವ ತೂಕ. ಹಾಲನ್ನು ಲೀಟರಿನ ಲೆಕ್ಕದಲ್ಲಷ್ಟೇ ಕೊಂಡರೆ ನೀರು ಬೆರೆಯುತ್ತದೆಂದು ಅರಿತ ಹಾಲು ಉತ್ಪಾದಕರ ಸಂಘಗಳು ಕೊಬ್ಬಿನಂಶವನ್ನೂ ಅಳೆಯಲಾರಂಭಿಸಿದವು. ಕಸದ ವೇಬ್ರಿಡ್ಜ್‌ನಲ್ಲಿ ಅಂಥದೊಂದು ಪರೀಕ್ಷೆ ಇಲ್ಲ. ಬೆಂಗಳೂರಿನ ಮನೆಗಳ ಕಸದಲ್ಲಿ ಹೆಚ್ಚಿನ ಪಾಲು ಹಸಿ ಕಸವೇ ಆಗಿರುವುದರಿಂದ, ತೂಕದ ಗುತ್ತಿಗೆಯಲ್ಲಿ ನಗರ ಹಣ ತೆರುವುದು ಬಹುಮಟ್ಟಿಗೆ ಬಾಳೆಸಿಪ್ಪೆಯೊಳಗಿನ ನೀರನ್ನು ಸಾಗಿಸುವುದಕ್ಕೆ ಎಂದರೆ ಅದು ಉತ್ಪ್ರೇಕ್ಷೆಯಲ್ಲ.

ಎರಡನೆಯ ಕುರುಹು ವಾಹನ. ಒಂದು ವಾರ್ಡಿಗೆ ಇಷ್ಟು ಆಟೊ ಟಿಪ್ಪರ್, ಇಷ್ಟು ಕಾಂಪ್ಯಾಕ್ಟರ್, ತಲಾ ಒಬ್ಬ ಚಾಲಕ ಮತ್ತು ಸಹಾಯಕ ಎಂದು ನಿಗದಿ ಮಾಡಿ ತಿಂಗಳಿಗೆ ಇಂತಿಷ್ಟು ಬಾಡಿಗೆ ಕೊಡುವ ಕ್ರಮವಿದು. ಆಟೊ ಟಿಪ್ಪರ್ ಎಂದರೆ ಮನೆ ಬಾಗಿಲಿಗೆ ಬರುವ ಸಣ್ಣ ಗಾಡಿ, ಕಾಂಪ್ಯಾಕ್ಟರ್ ಎಂದರೆ ಅಂಥ ಹಲವು ಗಾಡಿಗಳ ಕಸವನ್ನು ಒತ್ತಿ ಕಿರಿದಾಗಿಸಿ ಊರಾಚೆಗೆ ಒಯ್ಯುವ ಲಾರಿ. ಬೆಂಗಳೂರಿನಲ್ಲಿ ಸುಮಾರು 750 ಮನೆಗಳಿಗೆ ಒಂದು ಆಟೊ ಎಂಬ ಲೆಕ್ಕಾಚಾರ ಬಳಕೆಯಲ್ಲಿತ್ತು. ಇಲ್ಲಿ ಕಸವನ್ನು ಹೆಚ್ಚಿಸುವ ಆಮಿಷವಿಲ್ಲ. ಆದರೆ ಕಾಗದದ ಮೇಲಿರುವ ಗಾಡಿ ಬೀದಿಯಲ್ಲಿ ಇಲ್ಲದಿದ್ದರೆ ಡೀಸೆಲ್ ಮತ್ತು ಕೂಲಿ ಎರಡೂ ಉಳಿಯುತ್ತವೆ. ಗಾಡಿಗಳಿಗೆ ಜಿಪಿಎಸ್, ಕಾರ್ಮಿಕರಿಗೆ ಬೆರಳಚ್ಚಿನ ಹಾಜರಿ ಬಂದದ್ದು ಈ ಕಾರಣಕ್ಕೆ. ಜಿಪಿಎಸ್ ಗಾಡಿ ಬೀದಿಗೆ ಬಂದಿದೆ ಎಂಬುದನ್ನು ಹೇಳುತ್ತದೆ. ಬೀದಿಯ ಕೊನೆಯ ಮನೆಯವರೆಗೆ ನಿಂತಿತೇ, ಹಸಿ ಮತ್ತು ಒಣ ಕಸವನ್ನು ಒಂದೇ ಡಬ್ಬಿಗೆ ಸುರಿದರೇ ಎಂಬುದನ್ನು ಹೇಳುವುದಿಲ್ಲ.

ಮೂರನೆಯದು ಮನೆ. ಸೇವೆ ಪಡೆದ ಮನೆಯೊಂದಕ್ಕೆ ತಿಂಗಳಿಗೆ ಇಷ್ಟು ಎಂಬ ದರ ಕಸವನ್ನು ಹೆಚ್ಚಿಸುವ ಆಮಿಷವನ್ನೂ, ಗಾಡಿಯನ್ನು ಸುಮ್ಮನೆ ಸುತ್ತಿಸುವ ಆಮಿಷವನ್ನೂ ತೆಗೆದುಹಾಕುತ್ತದೆ. ಆದರೆ ಸೇವೆ ನಿಜವಾಗಿ ದೊರೆಯಿತೆಂದು ಮನೆಯವರೋ ಯಂತ್ರವೋ ದಿನವೂ ಸಾಕ್ಷಿ ಹೇಳಬೇಕಾಗುತ್ತದೆ. ಗೇಟಿಗೆ ಅಂಟಿಸುವ ಕ್ಯುಆರ್ ಸಂಕೇತ ಮತ್ತು ಅದನ್ನು ಸ್ಕ್ಯಾನ್ ಮಾಡುವ ಕೆಲಸಗಾರ, ಇದು ಹಲವು ನಗರಗಳು ಕಂಡುಕೊಂಡ ಉಪಾಯ. ಈ ಮೂರರಲ್ಲಿ ಮನೆಯ ಲೆಕ್ಕವೇ ನಗರದ ಉದ್ದೇಶಕ್ಕೆ ಹೆಚ್ಚು ಹತ್ತಿರವಾದದ್ದು, ಆಡಳಿತಕ್ಕೆ ಹೆಚ್ಚು ತ್ರಾಸದಾಯಕವಾದದ್ದೂ ಅದೇ. ಟೆಂಡರ್ ದಾಖಲೆ ಬರೆಯುವವರು ಮತ್ತೆ ಮತ್ತೆ ತೂಕದ ಕಡೆಗೆ ವಾಲುವುದಕ್ಕೆ ಈ ತ್ರಾಸವೇ ಕಾರಣವಿರಬೇಕು.

ಬೆಂಗಳೂರಿಗೆ ಈ ಪ್ರಶ್ನೆ ಪುಸ್ತಕದ ವಿಚಾರವಾಗಿ ಉಳಿಯದೆ ಎದುರಿಗೆ ಬಂದು ನಿಂತದ್ದು 2012ರಲ್ಲಿ. ಯಲಹಂಕದ ಆಚೆಗಿನ ಮಾವಳ್ಳಿಪುರದ ಭೂಭರ್ತಿ ಘಟಕವು, ಅಂದರೆ ಕಸವನ್ನು ಪದರಪದರವಾಗಿ ಹೂಳುವ ಜಾಗವು, ಗ್ರಾಮಸ್ಥರ ವಿರೋಧದ ನಡುವೆ ಮುಚ್ಚಿತು. ಅದರ ಹೊರೆಯೂ ನಗರದ ಕಸ ಆಗಲೇ ಹೋಗುತ್ತಿದ್ದ ಇನ್ನೊಂದು ಹಳ್ಳಿಯಾದ ಮಂಡೂರಿನ ಮೇಲೆ ಬಿತ್ತು. ಅಲ್ಲಿಯ ಜನರ ಹೋರಾಟದ ಫಲವಾಗಿ 2014ರ ಕೊನೆಗೆ ಅಲ್ಲಿಗೂ ಕಸ ಸಾಗಿಸುವುದು ನಿಂತಿತು. ಎರಡೂ ಊರುಗಳಲ್ಲಿ ಅಂತರ್ಜಲ ಕೆಟ್ಟ ದೂರು, ದುರ್ವಾಸನೆ, ನೊಣಗಳ ಕಾಟ ವರ್ಷಗಟ್ಟಲೆ ಇದ್ದವು. ಮಾವಳ್ಳಿಪುರದವರಾಗಲಿ ಮಂಡೂರಿನವರಾಗಲಿ ಯಾವ ಗುತ್ತಿಗೆ ಪತ್ರಕ್ಕೂ ಸಹಿ ಹಾಕಿದವರಲ್ಲ. ಗುತ್ತಿಗೆಯ ಎರಡು ಪಕ್ಷಗಳಾದ ಪಾಲಿಕೆ ಮತ್ತು ಗುತ್ತಿಗೆದಾರರು ಲೆಕ್ಕಕ್ಕೆ ಹಿಡಿಯದ ಮೂರನೆಯ ಪಕ್ಷ ಅವರು. ಸಾಗಿಸಿದ ಟನ್ನಿಗೆ ಹಣ ಕೊಡುವ ವ್ಯವಸ್ಥೆಯಲ್ಲಿ ಸಾಗಣೆಯ ಕೊನೆಯ ನಿಲ್ದಾಣ ಯಾವುದೋ ಒಂದು ಹಳ್ಳಿಯೇ ಆಗಿರುತ್ತದೆ.

ಕರ್ನಾಟಕ ಹೈಕೋರ್ಟ್ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ವಿಚಾರಣೆಯಲ್ಲಿ 2012ರ ನವೆಂಬರ್‌ನಲ್ಲಿ ಮೂಲದಲ್ಲೇ ಕಸ ವಿಂಗಡಣೆಗೆ ಒತ್ತು ಕೊಟ್ಟು, ಪ್ರತಿ ವಾರ್ಡಿನಲ್ಲೂ ಒಣ ಕಸ ಸಂಗ್ರಹಣಾ ಕೇಂದ್ರ ಇರಬೇಕೆಂಬ ದಿಕ್ಕಿನಲ್ಲಿ ಪಾಲಿಕೆಗೆ ನಿರ್ದೇಶನ ನೀಡಿತು. 2015ರ ಡಿಸೆಂಬರ್‌ನಲ್ಲಿ ಎರಡು ಡಬ್ಬಿ, ಒಂದು ಚೀಲ ಎಂಬ ಪದ್ಧತಿಯನ್ನು, ಅಂದರೆ ಹಸಿ ಕಸಕ್ಕೊಂದು, ಸ್ಯಾನಿಟರಿ ಕಸಕ್ಕೊಂದು ಡಬ್ಬಿ ಮತ್ತು ಒಣ ಕಸಕ್ಕೆ ಚೀಲ ಎಂಬುದನ್ನು, ಕಡ್ಡಾಯಗೊಳಿಸಿತು. ಅದಾದ ಕೆಲವೇ ತಿಂಗಳಿಗೆ ಕೇಂದ್ರ ಸರ್ಕಾರದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಂದವು. ಈ ಆದೇಶಗಳು ನೇರವಾಗಿ ಗುತ್ತಿಗೆಯ ಕುರಿತವಲ್ಲ, ಆದರೂ ಗುತ್ತಿಗೆಯ ಸ್ವರೂಪವನ್ನು ಇವು ಬದಲಿಸಿದಷ್ಟು ಬೇರಾವುದೂ ಬದಲಿಸಲಿಲ್ಲ. ಅದುವರೆಗೆ ಕಸ ಎಂಬುದು ಒಂದೇ ವಸ್ತು, ಗುತ್ತಿಗೆಯೂ ಒಂದೇ. ಇನ್ನು ಮುಂದೆ ಹಸಿ ಕಸ ದಿನವೂ ಗೊಬ್ಬರ ಘಟಕಕ್ಕೋ ಜೈವಿಕ ಅನಿಲ ಘಟಕಕ್ಕೋ ಹೋಗಬೇಕು, ಒಣ ಕಸ ಬೇರೆ ದಿನ ಬೇರೆ ಕೈಗೆ ಹೋಗಬೇಕು, ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಮಾಡುವ ಹೋಟೆಲು, ವಸತಿ ಸಮುಚ್ಚಯ, ಕಚೇರಿಗಳು ಸಗಟು ಉತ್ಪಾದಕರೆನಿಸಿಕೊಂಡು ತಮ್ಮ ಕಸಕ್ಕೆ ತಾವೇ ಹೊಣೆಯಾಗಬೇಕು. ಒಂದು ಟೆಂಡರ್ ಇದ್ದಲ್ಲಿ ನಾಲ್ಕಾರು ಬಗೆಯ ಆಯ್ಕೆಗಳು ಬೇಕಾದವು, ಅವೆಲ್ಲವನ್ನೂ ಎಲ್-1 ಎಂಬ ಒಂದೇ ಸೂತ್ರದಿಂದ ಬಿಡಿಸುವುದು ಆಗದ ಮಾತಾಯಿತು.

ಒಣ ಕಸದ ವಿಚಾರದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಪ್ಲಾಸ್ಟಿಕ್, ರಟ್ಟು, ಲೋಹಗಳಿಗೆ ಮಾರುಕಟ್ಟೆ ಬೆಲೆಯಿದೆ. ಆದರೆ ಬಿಸ್ಕತ್ತಿನ ಹೊದಿಕೆ, ಥರ್ಮೊಕೋಲ್, ಹರಿದ ಚಪ್ಪಲಿಗಳಿಗೆ ಬೆಲೆಯಿಲ್ಲ. ಬೆಲೆಯುಳ್ಳದ್ದನ್ನು ಮಾತ್ರ ಆಯ್ದು ಉಳಿದದ್ದನ್ನು ಖಾಲಿ ಸೈಟಿಗೆ ಎಸೆಯುವ ಗುತ್ತಿಗೆದಾರ ಯಾವಾಗಲೂ ಅತಿ ಕಡಿಮೆ ದರ ಹೇಳಬಲ್ಲ. ಬೆಂಗಳೂರು ಪಾಲಿಕೆ ಚಿಂದಿ ಆಯುವವರನ್ನು ಗುರುತಿಸಿ 2011ರ ನಂತರ ಅವರಿಗೆ ಗುರುತಿನ ಚೀಟಿ ಕೊಟ್ಟದ್ದು, ಹಸಿರು ದಳದಂಥ ಸಂಘಟನೆಗಳ ನೆರವಿನಿಂದ ಹಲವು ವಾರ್ಡುಗಳ ಒಣ ಕಸ ಕೇಂದ್ರಗಳನ್ನು ಅವರ ಕೈಗೇ ಒಪ್ಪಂದದ ಮೂಲಕ ಒಪ್ಪಿಸಿದ್ದು, ಟೆಂಡರ್‌ಗೆ ಹೊರತಾದ ಆಯ್ಕೆಯ ಒಂದು ಮಾದರಿ. ಪುಣೆ ಇದಕ್ಕೂ ಮುಂದೆ ಹೋಯಿತು. ಅಲ್ಲಿ 1993ರಲ್ಲಿ ಹುಟ್ಟಿದ ಚಿಂದಿ ಆಯುವವರ ಕಾರ್ಮಿಕ ಸಂಘವು ಬೆಳೆದು, ಸ್ವಚ್ಛ್ ಎಂಬ ಸಹಕಾರಿಯಾಗಿ 2008ರಲ್ಲಿ ಮಹಾನಗರ ಪಾಲಿಕೆಯೊಂದಿಗೆ ಮನೆಮನೆ ಸಂಗ್ರಹದ ಒಪ್ಪಂದ ಮಾಡಿಕೊಂಡಿತು. ಕಸ ಒಯ್ಯುವ ಮಹಿಳೆ ಮನೆಯವರಿಂದ ನೇರವಾಗಿ ತಿಂಗಳ ಶುಲ್ಕ ಪಡೆಯುತ್ತಾಳೆ, ಮಾರಬಲ್ಲ ಒಣ ಕಸದ ಆದಾಯವೂ ಅವಳದೇ. ಪಾಲಿಕೆಯ ಖಜಾನೆಯಿಂದ ಟನ್ನಿನ ಲೆಕ್ಕದಲ್ಲಿ ಹಣ ಹರಿಯುವುದಿಲ್ಲವಾದ್ದರಿಂದ ವಿಂಗಡಣೆ ಆಕೆಗೆ ನಷ್ಟವಾಗದೆ ಲಾಭವೇ ಆಗುತ್ತದೆ. ಈ ಒಪ್ಪಂದಕ್ಕೂ ತನ್ನದೇ ತೊಂದರೆಗಳಿದ್ದು, ಅದನ್ನು ನವೀಕರಿಸುವ ಪ್ರತಿ ಸಂದರ್ಭದಲ್ಲೂ ದೊಡ್ಡ ಕಂಪನಿಗಳಿಗೆ ಕೆಲಸ ಒಪ್ಪಿಸುವ ಮಾತು ಪುಣೆಯಲ್ಲಿ ಕೇಳಿಬರುತ್ತದೆ.

ಇಂಥ ಸಹಕಾರಿಗಳು ಸಾಮಾನ್ಯ ಟೆಂಡರ್‌ನಲ್ಲಿ ಯಾಕೆ ಗೆಲ್ಲಲಾರವು ಎಂಬುದಕ್ಕೆ ಉತ್ತರ ಮೊದಲ ಲಕೋಟೆಯಲ್ಲಿದೆ. ಹಿಂದಿನ ಮೂರು ವರ್ಷಗಳಲ್ಲಿ ಇಷ್ಟು ಕೋಟಿ ವಹಿವಾಟು, ಇಂತಿಷ್ಟು ಸ್ವಂತ ವಾಹನಗಳು, ಇಷ್ಟೇ ಗಾತ್ರದ ಕೆಲಸ ಮಾಡಿದ ಪ್ರಮಾಣಪತ್ರ ಎಂಬ ಅರ್ಹತಾ ಷರತ್ತುಗಳು ನೋಡಲು ತಟಸ್ಥವಾಗಿ ಕಂಡರೂ, ಯಾರು ಒಳಗೆ ಬರಬಹುದು ಎಂಬುದನ್ನು ದರಕ್ಕಿಂತ ಎಷ್ಟೋ ಬಿಗಿಯಾಗಿ ತೀರ್ಮಾನಿಸುತ್ತವೆ. ಷರತ್ತು ಎತ್ತರವಾದರೆ ದೇಶದಲ್ಲಿ ಬೆರಳೆಣಿಕೆಯ ಕಂಪನಿಗಳು ಮಾತ್ರ ಉಳಿಯುತ್ತವೆ. ತಗ್ಗಿದರೆ ನಾಲ್ಕು ಗಾಡಿಯ ಮಾಲೀಕರೆಲ್ಲ ಸೇರಿ ಮೊದಲೇ ವಾರ್ಡುಗಳನ್ನು ಹಂಚಿಕೊಂಡು, ಒಬ್ಬೊಬ್ಬರೂ ಒಂದೊಂದು ಕಡೆ ಎಲ್-1 ಆಗುವ ಹೊಂದಾಣಿಕೆಗೆ ದಾರಿಯಾಗುತ್ತದೆ. ಬಿಡ್‌ಪೂರ್ವ ಸಭೆ, ಅಂದರೆ ಆಸಕ್ತರು ಷರತ್ತುಗಳ ಬಗ್ಗೆ ಪ್ರಶ್ನೆ ಕೇಳಲು ಕರೆಯುವ ಸಭೆ, ಸಾರ್ವಜನಿಕರ ಗಮನಕ್ಕೆ ಬರುವುದು ಕಡಿಮೆ. ಅಲ್ಲಿ ಒಂದು ಷರತ್ತಿನ ಒಂದು ಅಂಕಿ ಬದಲಾಗುವುದು ಲಕೋಟೆ ತೆರೆಯುವ ದಿನದ ಯಾವ ಘಟನೆಗಿಂತಲೂ ಮಹತ್ವದ್ದು.

ದರದ ವಿಚಾರಕ್ಕೆ ಬಂದರೆ, ಕಸ ಸಂಗ್ರಹದಲ್ಲಿ ಗುತ್ತಿಗೆದಾರನ ಜಾಣತನದಿಂದ ಉಳಿಸಬಹುದಾದ ಹಣ ಜನ ಊಹಿಸುವಷ್ಟು ಇಲ್ಲ. ವೆಚ್ಚದ ಬಹುಪಾಲು ಕೂಲಿ, ಡೀಸೆಲ್ ಮತ್ತು ವಾಹನದ ಕಂತು. ಕನಿಷ್ಠ ವೇತನವನ್ನು ಸರ್ಕಾರ ನಿಗದಿ ಮಾಡುತ್ತದೆ. ಅದರ ಮೇಲೆ ಮಾಲೀಕರ ಪಾಲಿನ ಭವಿಷ್ಯ ನಿಧಿ ಶೇ 12, ಕಾರ್ಮಿಕರ ರಾಜ್ಯ ವಿಮೆ ಶೇ 3.25, ಡೀಸೆಲ್ ಬೆಲೆ ಎಲ್ಲರಿಗೂ ಒಂದೇ. ಹಾಗಿರುವಾಗ ಅಂದಾಜಿಗಿಂತ ಶೇ 20ರಷ್ಟು ಕಡಿಮೆ ದರ ಬಂದರೆ ಅದು ಪಾಲಿಕೆಗೆ ಆದ ಉಳಿತಾಯವೆಂದು ಸಂತೋಷಪಡುವ ಬದಲು, ಆ ಹಣ ಯಾರ ಸಂಬಳದಿಂದ ಅಥವಾ ಯಾವ ಬೀದಿಯ ಟ್ರಿಪ್ಪಿನಿಂದ ಕಡಿತವಾಗಲಿದೆ ಎಂದು ಕೇಳಬೇಕಾಗುತ್ತದೆ. ತೀರಾ ಅಸಮತೋಲನದ ದರ ನಮೂದಿಸಿದವರಿಂದ ಹೆಚ್ಚುವರಿ ಭದ್ರತಾ ಠೇವಣಿ ಪಡೆಯುವ ಅವಕಾಶ ಕಾಮಗಾರಿಗಳ ಮಾದರಿ ದಾಖಲೆಗಳಲ್ಲಿದೆ. ಠೇವಣಿ ಪಾಲಿಕೆಯನ್ನು ಕಾಯುತ್ತದೆ. ಎರಡು ತಿಂಗಳ ಕೂಲಿ ಬಾರದ ಸಹಾಯಕನನ್ನು 2025ರವರೆಗೆ ಕಾಯುತ್ತಿದ್ದದ್ದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ. ಗುತ್ತಿಗೆದಾರ ವೇತನ ಕೊಡದಿದ್ದರೆ ಪ್ರಧಾನ ಉದ್ಯೋಗದಾತನೇ ಅದನ್ನು ಪಾವತಿಸಿ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕೆಂದು ಆ ಕಾಯ್ದೆ ಹೇಳಿತ್ತು. ಪೌರಕಾರ್ಮಿಕರ ಸಂಖ್ಯೆ ಮತ್ತು ಸ್ಥಿತಿಗತಿಯ ಪ್ರಶ್ನೆಯನ್ನು 1970ರ ದಶಕದಲ್ಲೇ ಐ.ಪಿ.ಡಿ. ಸಾಲಪ್ಪ ವರದಿ ಎತ್ತಿತ್ತು. ದಶಕಗಳ ಹೋರಾಟದ ಬಳಿಕ ಬೆಂಗಳೂರಿನಲ್ಲಿ ಬೀದಿ ಗುಡಿಸುವವರು ಗುತ್ತಿಗೆದಾರರ ಹಿಡಿತದಿಂದ ಹೊರಬಂದು ಪಾಲಿಕೆಯಿಂದಲೇ ಬ್ಯಾಂಕ್ ಖಾತೆಗೆ ವೇತನ ಪಡೆಯುವಂತಾದರು. ಆದರೆ ಆಟೊ ಚಾಲಕರು, ಸಹಾಯಕರು, ಲೋಡರುಗಳು ಗುತ್ತಿಗೆಯೊಳಗೇ ಉಳಿದರು. ಒಂದೇ ಬೀದಿಯಲ್ಲಿ ಒಂದೇ ಕಸವನ್ನು ಮುಟ್ಟುವ ಇಬ್ಬರ ನಡುವೆ ಟೆಂಡರ್ ಹೀಗೊಂದು ಗೆರೆ ಎಳೆದಿದೆ.

ಹಾಗಾದರೆ ಟೆಂಡರನ್ನೇ ಬಿಟ್ಟರೆ ಹೇಗೆ ಎಂಬ ಪ್ರಶ್ನೆಗೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಒಂದು ಉತ್ತರ ಕೊಡುತ್ತದೆ. ಆ ನಗರ 1932ರಲ್ಲಿ ಕಸ ಸಂಗ್ರಹಕ್ಕೆ ಪ್ರದೇಶವಾರು ಪರವಾನಗಿಗಳನ್ನು ಹಂಚಿತು. 97 ಪರವಾನಗಿಗಳೂ ಕಾಲಕ್ರಮದಲ್ಲಿ, ಇಂದು ರಿಕಾಲಜಿ ಎಂಬ ಹೆಸರಿರುವ ಒಂದೇ ಸಂಸ್ಥೆಯ ಕೈ ಸೇರಿದವು. ಸ್ಪರ್ಧಾತ್ಮಕ ಬಿಡ್ ಬೇಕೆಂಬ ಪ್ರಸ್ತಾವ 2012ರಲ್ಲಿ ಮತಕ್ಕೆ ಬಂದಾಗ ಮುಕ್ಕಾಲು ಪಾಲು ಮತದಾರರು ಅದನ್ನು ತಿರಸ್ಕರಿಸಿದರು. ಸೇವೆ ಚೆನ್ನಾಗಿದ್ದದ್ದೂ ಅದಕ್ಕೊಂದು ಕಾರಣವಿರಬಹುದು. ಹಸಿ ಕಸ ವಿಂಗಡಣೆಯನ್ನು 2009ರಲ್ಲೇ ಕಡ್ಡಾಯ ಮಾಡಿದ ನಗರವದು. ಆದರೆ ಲೋಕೋಪಯೋಗಿ ಇಲಾಖೆಯ ಮುಖ್ಯಸ್ಥರ ಬಂಧನದೊಂದಿಗೆ 2020ರಲ್ಲಿ ಹೊರಬಿದ್ದ ಭ್ರಷ್ಟಾಚಾರದ ತನಿಖೆಯ ಬೆನ್ನಲ್ಲೇ, ಗ್ರಾಹಕರಿಂದ ಹೆಚ್ಚುವರಿಯಾಗಿ ಪಡೆದ ಶುಲ್ಕಕ್ಕಾಗಿ ಸಂಸ್ಥೆ ಸುಮಾರು ಹತ್ತು ಕೋಟಿ ಡಾಲರ್ ಮೊತ್ತದ ಇತ್ಯರ್ಥಕ್ಕೆ 2021ರಲ್ಲಿ ಒಪ್ಪಬೇಕಾಯಿತು. ದರ ಪರಿಶೀಲಿಸುವ ವ್ಯವಸ್ಥೆಯನ್ನು 2022ರಲ್ಲಿ ಮತದಾರರೇ ಬದಲಿಸಿದರು, ಏಕಸ್ವಾಮ್ಯವನ್ನು ಮಾತ್ರ ಮುಟ್ಟಲಿಲ್ಲ. ಸೇವೆಯ ಗುಣಮಟ್ಟವೂ ದರದ ಪ್ರಾಮಾಣಿಕತೆಯೂ ಬೇರೆ ಬೇರೆ ಸಂಗತಿಗಳೆಂಬುದು, ಒಂದು ಚೆನ್ನಾಗಿದೆಯೆಂದು ಇನ್ನೊಂದನ್ನು ಪರೀಕ್ಷಿಸದೆ ಬಿಡಲಾಗದೆಂಬುದು ಇಲ್ಲಿ ಕಾಣುತ್ತದೆ.

ಬೆಂಗಳೂರಿನಲ್ಲಿ ಟೆಂಡರನ್ನು ಬಿಡುವುದು ಬೇರೆಯೇ ರೀತಿಯಲ್ಲಿ ನಡೆಯುತ್ತದೆ. ಕೆಟಿಪಿಪಿ ಕಾಯ್ದೆಯ 4(ಜಿ) ಕಲಮಿನಡಿ ಸರ್ಕಾರ ನಿರ್ದಿಷ್ಟ ಸಂಗ್ರಹಣೆಯೊಂದಕ್ಕೆ ವಿನಾಯಿತಿ ಕೊಡಬಹುದು. ಇದಲ್ಲದೆ, ಟೆಂಡರ್ ಅಂಗೀಕಾರದ ವಿರುದ್ಧ ಕಾಯ್ದೆಯ ಪ್ರಕಾರ ಮೇಲ್ಮನವಿಗೆ ಅವಕಾಶವಿದ್ದು, ಅದರಾಚೆಗೆ ಹೈಕೋರ್ಟ್ ಇದೆ. ಪ್ರಕರಣ ಇತ್ಯರ್ಥವಾಗುವವರೆಗೆ ಕಸ ಕಾಯುವುದಿಲ್ಲವಾದ್ದರಿಂದ ಹಳೆಯ ಗುತ್ತಿಗೆದಾರನನ್ನೇ ಮುಂದುವರಿಸಬೇಕಾಗುತ್ತದೆ. ಮೂರು ತಿಂಗಳೆಂದು ಆರಂಭವಾದ ಮುಂದುವರಿಕೆ ವರ್ಷಗಳಿಗೆ ಬೆಳೆಯುವುದು ಇಲ್ಲಿ ಅಪರೂಪವಲ್ಲ. ಈ ಸ್ಥಿತಿಯಲ್ಲಿ ಹೊಸ ಟೆಂಡರ್‌ಗೆ ತಡೆ ತರುವುದೇ ಹಳೆಯ ಗುತ್ತಿಗೆಯನ್ನು ಗೆಲ್ಲುವ ಅಗ್ಗದ ದಾರಿಯಾಗುತ್ತದೆ. ಹೊಸ ಷರತ್ತು, ಹೊಸ ದಂಡ, ಹೊಸ ಅಳತೆ ಯಾವುದೂ ಜಾರಿಗೆ ಬಾರದೆ ನಗರ ಹತ್ತು ವರ್ಷ ಹಿಂದಿನ ದಾಖಲೆಯ ಅಡಿಯಲ್ಲಿ ಇಂದಿನ ಕಸವನ್ನು ಎತ್ತಿಸುತ್ತದೆ. ಕಸ ವಿಲೇವಾರಿಯ ಹೊಣೆಯನ್ನು ಪಾಲಿಕೆಯಿಂದ ಬೇರ್ಪಡಿಸಿ ನಡೆಸಲೆಂದು ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ ಎಂಬ ಕಂಪನಿ ಹುಟ್ಟಿಕೊಂಡಿತು. 2025ರ ಏಪ್ರಿಲ್‌ನಿಂದ ವಸತಿ ಕಟ್ಟಡದ ವಿಸ್ತೀರ್ಣಕ್ಕೆ ತಕ್ಕಂತೆ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ ಬಳಕೆದಾರರ ಶುಲ್ಕ ಆಸ್ತಿ ತೆರಿಗೆಯೊಂದಿಗೆ ಸೇರಿಕೊಂಡಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಪಾಲಿಕೆಯೇ ಐದು ನಗರಪಾಲಿಕೆಗಳಾಗಿ ಒಡೆಯಿತು. ಶುಲ್ಕ ಕಟ್ಟುವ ಮನೆಯವನು ಇನ್ನು ಗುತ್ತಿಗೆಯ ಹೊರಗಿನವನಲ್ಲ. ಆದರೂ ಮನೆ ಕಟ್ಟಿದ ಶುಲ್ಕಕ್ಕೂ ಗುತ್ತಿಗೆದಾರ ಪಡೆಯುವ ಬಿಲ್ಲಿಗೂ ನಡುವೆ ನೇರ ಕೊಂಡಿಯೊಂದನ್ನು ಯಾವ ದಾಖಲೆಯಾದರೂ ಹಾಕುವುದೇ ಎಂಬುದು ಮುಂದಿನ ಟೆಂಡರ್‌ಗಳಲ್ಲಿ ಮೊದಲು ನೋಡಬೇಕಾದ ಅಂಶ.

ಅಲ್ಲಿ ನೋಡಬೇಕಾದ ಎರಡನೆಯ ಅಂಶ, ಗುತ್ತಿಗೆ ಮುಗಿಯುವ ದಿನದ ಷರತ್ತು. ಯಾವ ಅಡ್ಡರಸ್ತೆಗೆ ದೊಡ್ಡ ಗಾಡಿ ಹೋಗದು, ಯಾವ ವಠಾರದವರು ಎಂಟು ಗಂಟೆಗೆ ಮುಂಚೆ ಬಾಗಿಲು ತೆರೆಯುವುದಿಲ್ಲ, ಯಾವ ಮೂಲೆಯಲ್ಲಿ ರಾತ್ರೋರಾತ್ರಿ ಕಸದ ರಾಶಿ ಬೀಳುತ್ತದೆ ಎಂಬ ತಿಳಿವಳಿಕೆ ಇಂದು ಯಾವ ಕಡತದಲ್ಲೂ ಇಲ್ಲ, ಇರುವುದು ಚಾಲಕ ಮತ್ತು ಸಹಾಯಕರಲ್ಲಿ. ಹೊಸ ಕಾರ್ಯಾದೇಶ ಹೊರಬಿದ್ದಾಗ ಗಾಡಿಯ ಮೇಲಿನ ಹೆಸರು ಬದಲಾಗುತ್ತದೆ, ಬಿಲ್ ಬರೆಯುವವರು ಬದಲಾಗುತ್ತಾರೆ. ಹೊಸ ಗುತ್ತಿಗೆದಾರ ಬಹುಮಟ್ಟಿಗೆ ಅದೇ ಚಾಲಕರನ್ನೂ ಅದೇ ಸಹಾಯಕರನ್ನೂ ಹುಡುಕಿ ಕೆಲಸಕ್ಕೆ ಕರೆಯುತ್ತಾನೆ, ಅವರ ಸೇವಾವಧಿಯ ಲೆಕ್ಕ ಮಾತ್ರ ಮತ್ತೆ ಒಂದರಿಂದ ಶುರುವಾಗುತ್ತದೆ.